ತಿಂಗಳಿಗೆ 6,500 ರೂಪಾಯಿ ದಿನಸಿ, ನಾಲ್ಕು ಜನ. ಹೆಂಡತಿಗೆ ರಕ್ತ ಕಡಿಮೆ ಇದೆ, ಏನು ಬದಲಾಯಿಸಲಿ?

ಪೀಣ್ಯ ಎರಡನೇ ಹಂತ:

ಎಲ್ಲರಿಗೂ ನಮಸ್ಕಾರ. ನಾನು ಲೇತ್ ಮಷೀನ್ ಕೆಲಸ ಮಾಡುತ್ತೇನೆ, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಜೊತೆಗೆ ನನ್ನ ಅಮ್ಮ, ನಾಲ್ಕು ವರ್ಷದ ಮಗಳು. ಅಮ್ಮನಿಗೆ ಆರು ವರ್ಷದಿಂದ ಶುಗರ್.

ಹೋದ ತಿಂಗಳು ಹೆಂಡತಿ ಕೆಲಸದ ಜಾಗದಲ್ಲೇ ತಲೆಸುತ್ತಿ ಬಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2. ಡಾಕ್ಟರು ಮಾತ್ರೆ ಬರೆದುಕೊಟ್ಟು, ಚೆನ್ನಾಗಿ ಊಟ ಮಾಡಬೇಕು, ಸೊಪ್ಪು, ಕಾಳು, ಹಣ್ಣು, ಡ್ರೈ ಫ್ರೂಟ್ಸ್ ತಿನ್ನಬೇಕು ಅಂದರು. ನಾನು ಅವತ್ತೇ ಅಂಗಡಿಗೆ ಹೋಗಿ ಬಾದಾಮಿ, ಖರ್ಜೂರ, ದಾಳಿಂಬೆ ದರ ಕೇಳಿದೆ. ಕೇಳಿ ಸುಮ್ನೆ ವಾಪಸ್ ಬಂದೆ.

ಬಾಡಿಗೆ, ಚೀಟಿ ಎಲ್ಲಾ ಕಳೆದು ದಿನಸಿಗೆ 6,500 ಉಳಿಯುತ್ತದೆ. ಗ್ಯಾಸ್ ಬೇರೆ. ಹೋದ ತಿಂಗಳ ಲೆಕ್ಕ ಬರೆದಿಟ್ಟಿದ್ದೇನೆ. ಸೋನಾ ಮಸೂರಿ 20 ಕೆಜಿ 1,160. ದಿನಕ್ಕೊಂದು ಲೀಟರ್ ಹಾಲು 1,380. ಎಣ್ಣೆ ನಾಲ್ಕು ಲೀಟರ್ 620. ತೊಗರಿಬೇಳೆ ಎರಡು ಕೆಜಿ 240. ತರಕಾರಿ 1,200. ಮಗಳಿಗೆ ಹಾಲಿಗೆ ಹಾಕುವ ಪೌಡರ್ 500. ಬಿಸ್ಕತ್ತು, ಬ್ರೆಡ್ಡು, ಚಿಪ್ಸ್ 900. ಸಕ್ಕರೆ, ಟೀ ಪುಡಿ, ಚಿಲ್ಲರೆ ಸಾಮಾನು ಸೇರಿ 500. ರೇಷನ್ ಕಾರ್ಡ್ ಮಧುಗಿರಿ ಕಡೆ ನಮ್ಮ ಊರಿನ ವಿಳಾಸದಲ್ಲಿದೆ. ಪ್ರತಿ ತಿಂಗಳು ಊರಿಗೆ ಹೋಗಲು ಆಗುವುದಿಲ್ಲ, ಹಾಗಾಗಿ ಅಕ್ಕಿ ತರುವುದನ್ನೇ ಬಿಟ್ಟಿದ್ದೇವೆ.

ಇಷ್ಟು ದುಡ್ಡಿನಲ್ಲೇ ಅವಳಿಗೆ ರಕ್ತ ಬರುವಂತೆ, ಅಮ್ಮನ ಶುಗರ್ ಏರದಂತೆ ಅಡುಗೆ ಮಾಡುವುದು ಹೇಗೆ? ಬೆಳಿಗ್ಗೆ ಏಳೂವರೆಗೆ ಅವಳು ಮನೆ ಬಿಡಬೇಕು. ಬಾದಾಮಿ ಬಿಟ್ಟು ಬೇರೆ ದಾರಿ ಇದ್ದರೆ ದಯವಿಟ್ಟು ಹೇಳಿ.

ಮದ್ದೂರಿನ ಅಕ್ಕ:

ತಮ್ಮಾ, ನಿನ್ನ ಲೆಕ್ಕ ಎರಡು ಸಲ ಓದಿದೆ. ನಾನೂ ಕಾಮಾಕ್ಷಿಪಾಳ್ಯದಲ್ಲಿ ಹದಿನೆಂಟು ವರ್ಷ ಇದೇ ತರ ಮನೆ ನಡೆಸಿದವಳು. ಯಜಮಾನರು ಆಟೋ ಓಡಿಸುತ್ತಿದ್ದರು, ನಾನು ಅಗರಬತ್ತಿ ಹೊಸೆಯುತ್ತಿದ್ದೆ, ಇಬ್ಬರು ಮಕ್ಕಳು. ನನಗೂ ಒಂದು ಸಲ ರಕ್ತ 8.6ಕ್ಕೆ ಇಳಿದಿತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ರೇಷನ್ ವಿಷಯ. ಕಾರ್ಡು ಊರಿನದೇ ಆದರೂ ಪರವಾಗಿಲ್ಲ. ಕರ್ನಾಟಕದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ತಗೋಬಹುದು. ನಿಮ್ಮ ಬೀದಿಗೆ ಹತ್ತಿರದ ಅಂಗಡಿಗೆ ತಿಂಗಳ ಮೊದಲ ಹದಿನೈದು ದಿನದೊಳಗೆ ಹೋಗು. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಕೆಲವು ತಿಂಗಳು ಅಕ್ಕಿ ಜೊತೆ ರಾಗಿಯನ್ನೂ ಕೊಡುತ್ತಾರೆ, ಕೇಳಿ ತಗೋ. ಬರೀ ಅಕ್ಕಿಯಿಂದಲೇ ನಿನಗೆ ಸಾವಿರ ರೂಪಾಯಿ ಹತ್ತಿರ ಉಳಿಯುತ್ತದೆ.

ಇನ್ನು ಆ ಪೌಡರ್. ನಾನೂ ಮಕ್ಕಳಿಗೆ ಮೂರು ವರ್ಷ ತಂದೆ. ಡಬ್ಬಿ ಮೇಲೆ ಏನು ಬರೆದಿದೆ ಅಂತ ಮಗಳು ದೊಡ್ಡವಳಾದ ಮೇಲೆ ಓದಿ ಹೇಳಿದಳು, ಸಕ್ಕರೆಯೇ ಜಾಸ್ತಿ ಇತ್ತು. ಅವತ್ತು ಹೊಟ್ಟೆ ಉರಿಯಿತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿಸಿದರೆ ರಾಗಿ ಹುರಿಹಿಟ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹಾಲಿನಲ್ಲಿ ಸುಮಾರು 120. ಬೆಲ್ಲ ಸ್ವಲ್ಪ ಹಾಕಿ ಗಂಜಿ ಮಾಡಿ ಕೊಡಿ, ಮಗು ಕುಡಿಯುತ್ತದೆ. ಪೌಡರ್ 500, ಬಿಸ್ಕತ್ತು ಚಿಪ್ಸ್ 900, ಎರಡೂ ಸೇರಿ 1,400 ಆಯಿತಲ್ವಾ? ಪೂರ್ತಿ ನಿಲ್ಲಿಸು ಅನ್ನಲ್ಲ, ಮಗು ಅಳುತ್ತದೆ. ಅದರಲ್ಲಿ ಸಾವಿರ ಎತ್ತಿ ಕಾಳಿಗೆ, ಮೊಟ್ಟೆಗೆ ಹಾಕು. ನಿನ್ನ ಲೆಕ್ಕದಲ್ಲಿ ಕಾಳು ಅಂತ ಒಂದು ಸಾಲೂ ಇಲ್ಲ, ನೋಡಿದೆಯಾ? ಹುರುಳಿ, ಅಲಸಂದೆ, ಹೆಸರುಕಾಳು ಮೂರೂ ತಂದಿಡು. ಹುರುಳಿ ತೊಗರಿಬೇಳೆಗಿಂತ ಎಷ್ಟೋ ಅಗ್ಗ. ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 100 ಗ್ರಾಂಗೆ 22 ಗ್ರಾಂ ಆಸುಪಾಸು.

ಈಗ ಅಡುಗೆ. ನಮ್ಮ ಮಂಡ್ಯ ಕಡೆ ಬಸ್ಸಾರು ಯಾಕೆ ಮಾಡುತ್ತಿದ್ದರು ಅಂತ ನನಗೆ ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯಿತು. ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು. ಕಾಲು ಕೆಜಿ ಹೆಸರುಕಾಳೋ ಅಲಸಂದೆಯೋ ರಾತ್ರಿ ನೆನೆಸಿಡಿ. ಮುಕ್ಕಾಲು ಭಾಗ ಬೆಂದ ಮೇಲೆ ಎರಡು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ ಬೇಯಿಸಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು, ಜೀರಿಗೆ, ಮೆಣಸು, ಚೂರು ಕಾಯಿ, ಹುಣಸೆಹಣ್ಣು, ಬೆಂದ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ. ಅದನ್ನು ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಂದು ಚಮಚ ಎಣ್ಣೆ ಒಗ್ಗರಣೆ, ಅದು ಪಲ್ಯ. ಬಸಿದ ನೀರಿನಲ್ಲಿರುವ ಸತ್ವವೂ ಸಾರಿನಲ್ಲೇ ಉಳಿಯುತ್ತದೆ. ನಾಲ್ಕು ಜನಕ್ಕೆ ರಾತ್ರಿಗೂ ಆಯಿತು, ಬೆಳಿಗ್ಗೆ ಡಬ್ಬಿಗೂ ಆಯಿತು. ನಮ್ಮ ಬೀದಿ ಬೆಲೆಯಲ್ಲಿ ಎಲ್ಲಾ ಸೇರಿ 80 ರೂಪಾಯಿ ದಾಟುವುದಿಲ್ಲ.

ಸೊಪ್ಪು ಬಿಡಿಸುವುದೇ ದೊಡ್ಡ ಕೆಲಸ, ಗೊತ್ತು. ಕೆಲಸ ಮುಗಿಸಿ ಬಂದ ಹೆಣ್ಣುಮಗಳ ಮುಂದೆ ಬೆರಕೆ ಸೊಪ್ಪಿನ ರಾಶಿ ಇಟ್ಟರೆ ಅದು ಅನ್ಯಾಯ. ನಿಮ್ಮಮ್ಮ ಮಧ್ಯಾಹ್ನ ಕೂತು ಬಿಡಿಸಿಕೊಟ್ಟರೆ ಒಳ್ಳೆಯದು. ಹೆಚ್ಚುವುದು ನಿನ್ನ ಕೈಯಲ್ಲೂ ಆಗುತ್ತದೆ.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಇವತ್ತು ರಾತ್ರಿ ನಿನ್ನ ಹೆಂಡತಿಯ ತಟ್ಟೆ ನೋಡು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ನಾನು ಕೂರುತ್ತಿದ್ದೆ. ಅಷ್ಟೊತ್ತಿಗೆ ಅನ್ನ ಇರುತ್ತಿತ್ತು, ತಳದಲ್ಲಿ ತಿಳಿ ಸಾರು ಇರುತ್ತಿತ್ತು. ಕಾಳು, ಪಲ್ಯ, ಮೊಟ್ಟೆ ಇರುತ್ತಿರಲಿಲ್ಲ. ಯಾರೂ ಬೇಕು ಅಂತ ಮಾಡಿದ್ದಲ್ಲ. ಯಾರೂ ನೋಡಿರಲಿಲ್ಲ, ಅಷ್ಟೇ. ನೀನು ಕಾಳು ಎಷ್ಟೇ ತಂದರೂ ಅವಳ ಪಾಲು ಮೊದಲೇ ತೆಗೆದಿಡದಿದ್ದರೆ ಅವಳಿಗೆ ಸಿಗುವುದಿಲ್ಲ.

ಆಸ್ಪತ್ರೆ ಕೆಲಸದವಳು:

ನಾನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಅಕ್ಕ ಹೇಳಿದ ತಟ್ಟೆಯ ಮಾತನ್ನು ನಾನು ದಿನಾ ಕಣ್ಣಾರೆ ನೋಡುತ್ತೇನೆ.

ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. 9.2 ಅಂದರೆ ಮಧ್ಯಮ ರಕ್ತಹೀನತೆ. ಇದು ಬರೀ ಊಟದಿಂದ ಬೇಗ ಏರುವುದಿಲ್ಲ ಸರ್. ಮಾತ್ರೆ ಬಿಡಬೇಡಿ. ಕಪ್ಪಗೆ ಮಲ ಹೋಗುತ್ತದೆ, ಹೊಟ್ಟೆ ತೊಳೆಸುತ್ತದೆ ಅಂತ ತುಂಬಾ ಜನ ಹತ್ತು ದಿನಕ್ಕೆ ನಿಲ್ಲಿಸುತ್ತಾರೆ. ತೊಂದರೆಯಾದರೆ ಡಾಕ್ಟರನ್ನು ಕೇಳಿ ಹೊತ್ತು ಬದಲಾಯಿಸಿಕೊಳ್ಳಿ. ಈ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬೆಂಗಳೂರಿನಲ್ಲಿ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್‌ಗಳಲ್ಲೂ ವಿಚಾರಿಸಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ ಅನ್ನುವುದನ್ನೂ, ಜಂತುಹುಳದ ಮಾತ್ರೆ ಬೇಕಾ ಅನ್ನುವುದನ್ನೂ ಕೇಳಿ. ಸೋರಿಹೋಗುವುದು ನಿಲ್ಲದಿದ್ದರೆ ತುಂಬಿಸಿ ಏನು ಪ್ರಯೋಜನ?

ಮಾತ್ರೆಯನ್ನು ಹಾಲಿನ ಜೊತೆ, ಟೀ ಕಾಫಿ ಜೊತೆ ನುಂಗಬಾರದು. ಊಟ ಆದ ತಕ್ಷಣ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆಯಾದರೂ ಬಿಡಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ. ದಾಳಿಂಬೆ ಬೇಡ, ಸೀಬೆಹಣ್ಣು ತನ್ನಿ. ಅದರಲ್ಲಿ ಕಿತ್ತಳೆಗಿಂತ ವಿಟಮಿನ್ ಸಿ ಎಷ್ಟೋ ಜಾಸ್ತಿ, ಕಬ್ಬಿಣ ಹಿಡಿಯಲು ಅದೇ ಬೇಕು.

ರೇಷನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಸಿಗಬಹುದು. ಪ್ಲಾಸ್ಟಿಕ್ ಅಂತ ಹೆದರಿ ಆರಿಸಿ ಎಸೆಯಬೇಡಿ. ಅದು ಸಾರವರ್ಧಿತ ಅಕ್ಕಿ. ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಮಗಳನ್ನು ಅಂಗನವಾಡಿಗೆ ಸೇರಿಸಿದ್ದೀರಾ? ಅಲ್ಲಿ ಊಟ, ಹಾಲು, ಮೊಟ್ಟೆ ಸಿಗುತ್ತದೆ.

ಗದಗದವನು:

ಅಕ್ಕಾರ ಬಸ್ಸಾರು ಓದಿ ಹಸಿವಾಯಿತು ರೀ. ಒಂದು ಮಾತು ಸೇರಿಸುತ್ತೇನೆ. ತಾಯಿಯವರಿಗೆ ಶುಗರ್ ಅಂತ ಹೇಳಿದ್ದೀರಿ. ರಾಗಿ, ಜೋಳ ಒಳ್ಳೆಯದು ಅಂತ ಜನ ಎಷ್ಟು ಬೇಕಾದರೂ ತಿನ್ನುತ್ತಾರೆ. ನಮ್ಮಪ್ಪ ಹಾಗೇ ಮಾಡಿದರು. ಅನ್ನ ಬಿಟ್ಟೆ ಅಂತ ಹೊತ್ತಿಗೆ ನಾಲ್ಕು ಜೋಳದ ರೊಟ್ಟಿ ತಿಂದರು. ಮೂರು ತಿಂಗಳಿಗೆ ನೋಡಿದರೆ ಶುಗರ್ ಇಳಿದೇ ಇಲ್ಲ. ಈಗ ಎರಡೇ ರೊಟ್ಟಿ, ಅದಕ್ಕೆ ಒಂದು ಬಟ್ಟಲು ಕಾಳುಪಲ್ಯ, ಒಂದು ಬಟ್ಟಲು ಸೊಪ್ಪಿನ ಪಲ್ಯ. ಮುದ್ದೆಗೂ ಇದೇ ಲೆಕ್ಕ. ಚಿಕ್ಕದೊಂದು ಮುದ್ದೆ ಸಾಕು, ಪಲ್ಯ ಜಾಸ್ತಿ ಇರಲಿ. ರಾಗಿ ಗಂಜಿಗೆ ಬೆಲ್ಲ ಹಾಕಿದ್ದು ಮಗುವಿಗೆ, ತಾಯಿಯವರಿಗೆ ಮಜ್ಜಿಗೆ ಅಂಬಲಿ ಕೊಡಿ.

ಹೊತ್ತು ಉಳಿಸಬೇಕು ಅಂದರೆ ನಮ್ಮ ಕಡೆ ಚಟ್ನಿಪುಡಿ ಇವೆಯಲ್ಲ, ಶೇಂಗಾ, ಗುರೆಳ್ಳು, ಅಗಸಿ. ಭಾನುವಾರ ಅರ್ಧ ಕೆಜಿ ಶೇಂಗಾ ಹುರಿದು, ಬೆಳ್ಳುಳ್ಳಿ, ಖಾರಪುಡಿ, ಉಪ್ಪು ಹಾಕಿ ಕುಟ್ಟಿಟ್ಟರೆ ವಾರಪೂರ್ತಿ ಬರುತ್ತದೆ. ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬಾದಾಮಿಯ ಚಿಂತೆ ಬಿಡಿ. ಮೆಂತ್ಯ ಸೊಪ್ಪು, ಮೂಲಂಗಿಯ ಎಳೆ ಸೊಪ್ಪು ನಾವು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುತ್ತೇವೆ. ಉಪ್ಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು ಅಷ್ಟೇ. ಗ್ಯಾಸೂ ಬೇಡ, ಒಗ್ಗರಣೆಯೂ ಬೇಡ.

ಪೀಣ್ಯ ಎರಡನೇ ಹಂತ (ಏಳು ವಾರದ ನಂತರ):

ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಅಕ್ಕ, ನೀವು ಬರೆದ ರಾತ್ರಿಯೇ ಅವಳ ತಟ್ಟೆ ನೋಡಿದೆ. ಅನ್ನ, ಉಪ್ಪಿನಕಾಯಿ, ಮಜ್ಜಿಗೆ. ಅವತ್ತು ಮನೆಯಲ್ಲಿ ಮೊಟ್ಟೆ ಸಾರು ಮಾಡಿದ್ದರು. ನಾನು ಎರಡು ಮೊಟ್ಟೆ ತಿಂದಿದ್ದೆ. ಆರು ವರ್ಷ ಆಯಿತು ಮದುವೆಯಾಗಿ. ಅವತ್ತು ನನಗೆ ನಿದ್ದೆ ಬರಲಿಲ್ಲ.

ಈಗ ನಾನೇ ಬಡಿಸುತ್ತೇನೆ, ನಾಲ್ಕೂ ತಟ್ಟೆ ಒಟ್ಟಿಗೆ. ಮೊದಮೊದಲು ಅಮ್ಮನಿಗೆ ಇಷ್ಟವಾಗಲಿಲ್ಲ. ಆಮೇಲೆ ಒಂದು ದಿನ ಅವರೇ, 'ನಾನೂ ನಿನ್ನ ಹೆರೋ ಮುಂಚೆ ಹಿಂಗೇ ತಲೆಸುತ್ತಿ ಬಿದ್ದಿದ್ದೆ ಕಣೋ' ಅಂದರು. ಈಗ ದಿನಾ ಮಧ್ಯಾಹ್ನ ಸೊಪ್ಪು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ.

ರೇಷನ್ ಇಲ್ಲೇ ಸಿಕ್ಕಿತು. ಬೆರಳಚ್ಚು ಮೊದಲ ದಿನ ತಗೊಳ್ಳಲಿಲ್ಲ, ಎರಡನೇ ದಿನ ಆಯಿತು. ಹೋದ ತಿಂಗಳ ದಿನಸಿ 6,240. ಅದರಲ್ಲಿ ಮೂರು ತರದ ಕಾಳು ಐದು ಕೆಜಿ, ಮೊಟ್ಟೆ 60, ಶೇಂಗಾ ಎರಡು ಕೆಜಿ, ವಾರಕ್ಕೊಂದು ಕೆಜಿ ಸೀಬೆಹಣ್ಣು ಎಲ್ಲಾ ಸೇರಿದೆ. ಟೀ ಬಿಡಲು ಅವಳಿಂದ ಆಗಲಿಲ್ಲ, ಆದರೆ ಊಟವಾದ ಮೇಲೆ ಕುಡಿಯುವುದನ್ನು ನಿಲ್ಲಿಸಿದ್ದಾಳೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ಪರೀಕ್ಷೆ ಮಾಡಿಸಿದರೆ 10.6. ಇನ್ನೂ ಎರಡು ತಿಂಗಳಾದರೂ ಮಾತ್ರೆ ತಗೋಬೇಕು ಅಂದಿದ್ದಾರೆ. ಅಮ್ಮನ ಶುಗರ್ ಮುಂದಿನ ವಾರ ನೋಡಿಸಬೇಕು.

ಒಂದೇ ತೊಂದರೆ. ಪಕ್ಕದ ಮನೆಯವರು ನುಗ್ಗೆಸೊಪ್ಪು ಸುಮ್ನೆ ಕೊಡುತ್ತಾರೆ. ಪಲ್ಯ ಮಾಡಿದರೆ ಮಗಳು ಕಹಿ ಅಂತ ಬಾಯಿಗೇ ಇಡುವುದಿಲ್ಲ. ಏನು ಮಾಡಲಿ?

ಮದ್ದೂರಿನ ಅಕ್ಕ:

ಓದಿ ಕಣ್ಣು ತುಂಬಿತು ತಮ್ಮಾ. ಬಲಿತ ಎಲೆ ಬೇಡ, ಎಳೆಯದು ಮಾತ್ರ ಬಿಡಿಸಿ ಸಣ್ಣಗೆ ಹೆಚ್ಚು. ರಾಗಿ ಹಿಟ್ಟಿಗೆ ಈರುಳ್ಳಿ, ಚೂರು ಕಾಯಿತುರಿ, ಒಂದು ಹಿಡಿ ಸೊಪ್ಪು ಹಾಕಿ ಬಿಸಿನೀರಿನಲ್ಲಿ ಕಲಸಿ ರೊಟ್ಟಿ ತಟ್ಟು. ಮಗುವಿನದು ಅಂಗೈಯಷ್ಟು ಚಿಕ್ಕದಿರಲಿ. ಮೇಲೆ ಒಂದು ತೊಟ್ಟು ತುಪ್ಪ ಹಾಕಿ ಬಿಸಿಯಾಗಿ ಕೊಡು.