ಸಹಾಯ ಬೇಕು: ಅಮ್ಮನಿಗೆ ಕನ್ನಡದ ಧ್ಯಾನದ ಆಡಿಯೋ

ಅಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ. ಸಿಂಧನೂರು ಹತ್ತಿರದ ಹಳ್ಳಿಯಲ್ಲಿ ಅಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ನಿದ್ದೆ ಇಲ್ಲ, ಸುಮ್ನೆ ಅಳುತ್ತಾರೆ. ಡಾಕ್ಟರು ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ ಕಲಿಸಿ ಅಂದರು. ವಿಚಾರಿಸಿದರೆ ಎಲ್ಲ ಇಂಗ್ಲಿಷು, ಮೇಲೆ ಫೀಸು. 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಟ್-ಜಿನ್ ಶುರುಮಾಡಿದ ಇದರ ಕೋರ್ಸು 8 ವಾರದ್ದು, ಪ್ರತಿ ತರಗತಿಗೆ ಎರಡು ಗಂಟೆಗೂ ಜಾಸ್ತಿ ಕೂರಬೇಕು. ಅಷ್ಟು ಹೊತ್ತು ಅಪ್ಪನ ಮಗ್ಗುಲು ಬದಲಿಸುವವರು ಯಾರು?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ದುಡ್ಡೂ ಇಲ್ಲ. ಆದರೆ ದಿನಾ ಕೇಳಲು ಏನಾದರೂ ಬೇಕು ಅಲ್ವಾ? 10 ನಿಮಿಷದ ಕನ್ನಡ ಆಡಿಯೋ ಯಾರ ಹತ್ತಿರವಾದರೂ ಇದೆಯಾ? ಅಮ್ಮನದು ಕೀಪ್ಯಾಡ್ ಫೋನು, ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತೇನೆ. ‘ಸಾಕ್ಷಿಪ್ರಜ್ಞೆ’ ಥರದ ಮಾತು ಬೇಡ, ನಗುತ್ತಾರೆ. ರಾಯಚೂರು ಕಡೆಯ ಮಾತಾದರೆ ಇನ್ನೂ ಒಳ್ಳೆಯದು.