ವರ್ಗ ಪೂರ್ಣಗೊಳಿಸುವಾಗ ಆವರಣದ ಹೊರಗೆ ಬರಬೇಕಾದ ಸಂಖ್ಯೆ ಯಾವುದು?

ಪ್ರಶ್ನೆ (ಡೊಂಬಿವಲಿ):
ಮಗಳ ಅಭ್ಯಾಸದ ಲೆಕ್ಕವೊಂದು ಹೀಗಿದೆ. ಒಂದು ಹೋಟೆಲಿನಲ್ಲಿ 60 ರೂಪಾಯಿ ಬೆಲೆಗೆ ದಿನಕ್ಕೆ 200 ಮಸಾಲೆ ದೋಸೆ ಖರ್ಚಾಗುತ್ತವೆ. ಬೆಲೆ ಒಂದೊಂದು ರೂಪಾಯಿ ಏರಿದಂತೆ ಎರಡೆರಡು ದೋಸೆ ಕಡಿಮೆಯಾಗುತ್ತವೆ. ಏರಿಕೆಯನ್ನು ಕ್ಷ ಎಂದಿಟ್ಟುಕೊಂಡರೆ ದಿನದ ವ್ಯಾಪಾರ ಯ = (60 + ಕ್ಷ)(200 − 2ಕ್ಷ), ಅಂದರೆ −2ಕ್ಷ² + 80ಕ್ಷ + 12000. ಇದನ್ನು ಶೃಂಗ ರೂಪಕ್ಕೆ (ಒಂದು ಪೂರ್ಣ ವರ್ಗದ ಗುಣಕ ಮತ್ತು ಒಂದು ಸಂಖ್ಯೆಯ ಮೊತ್ತವಾಗಿ) ತರಲು ಅವಳು −2(ಕ್ಷ² − 40ಕ್ಷ) + 12000 ಎಂದು ಬರೆದು, ಆವರಣದೊಳಗೆ 400 ಕೂಡಿಸಿ, ಹೊರಗೆ 400 ಕಳೆದು, −2(ಕ್ಷ − 20)² + 11600 ಎಂದು ಉತ್ತರ ಪಡೆದಿದ್ದಾಳೆ. ಬೆಲೆ ಏರಿಸದಿದ್ದಾಗಲೇ 12000 ಬರುತ್ತಿರುವಾಗ ಗರಿಷ್ಠ ವ್ಯಾಪಾರ 11600 ಆಗುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮುಲುಂಡ್):
ಆವರಣದೊಳಗೆ ಸೇರಿದ 400, ಹೊರಗಿರುವ −2 ರಿಂದ ಗುಣಿಸಲ್ಪಟ್ಟು −800 ಆಗುತ್ತದೆ. ಕೂಡಿಸಿದಂತೆ ಕಂಡರೂ ನಿಜವಾಗಿ 800 ಕಳೆದಂತಾಯಿತು. ಅದನ್ನು ಸರಿದೂಗಿಸಲು ಹೊರಗೆ 800 ಕೂಡಿಸಲೇಬೇಕು. ಒಳಗೇ ಕೂಡಿಸಿ ಒಳಗೇ ಕಳೆಯುವ ರೂಢಿ ಮಾಡಿಸಿದರೆ ಈ ಗೊಂದಲ ಬರುವುದಿಲ್ಲ: −2(ಕ್ಷ² − 40ಕ್ಷ + 400 − 400) + 12000. ಈಗ ಕೊನೆಯ −400 ಅನ್ನು −2 ರಿಂದ ಗುಣಿಸಿ ಹೊರತಂದರೆ −2(ಕ್ಷ − 20)² + 12800 ದೊರೆಯುತ್ತದೆ. ವರ್ಗವು ಎಂದೂ ಋಣಸಂಖ್ಯೆಯಾಗದು, ಅದರ ಸಹಗುಣಕವೋ ಋಣ; ಆದ್ದರಿಂದ ಕ್ಷ = 20 ಆದಾಗ ಯ ಗರಿಷ್ಠ. 80 ರೂಪಾಯಿಯಂತೆ 160 ದೋಸೆ, 12800 ರೂಪಾಯಿ, ತಾಳೆಯಾಗುತ್ತದೆ.

ಉತ್ತರ (ಪುಣೆ):
ಮಧ್ಯಪದದ ಅರ್ಧ ತೆಗೆಯುವಾಗ ಭಿನ್ನರಾಶಿ ಬಂದು ಮಕ್ಕಳು ಎಡವುವ ಲೆಕ್ಕಗಳಲ್ಲಿ ಪ್ರಾಚೀನ ಗಣಿತಜ್ಞ ಶ್ರೀಧರಾಚಾರ್ಯರ ವಿಧಾನ ಅನುಕೂಲ. ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ ಗ್ರಂಥದಲ್ಲಿ ಇದನ್ನು ಉದ್ಧರಿಸಿದ್ದಾರೆ. ವರ್ಗಪದದ ಸಹಗುಣಕದ ನಾಲ್ಕು ಪಟ್ಟಿನಿಂದ ಎಲ್ಲವನ್ನೂ ಗುಣಿಸಿ, ಮಧ್ಯದ ಸಹಗುಣಕದ ವರ್ಗವನ್ನು ಕೂಡಿಸಬೇಕು. ಇಲ್ಲಿ −8 ರಿಂದ ಗುಣಿಸಿ 6400 ಕೂಡಿಸಿ ಕಳೆದರೆ −8ಯ = (80 − 4ಕ್ಷ)² − 102400 ಆಗುತ್ತದೆ. ವರ್ಗ ಸೊನ್ನೆಯಾಗುವುದು ಕ್ಷ = 20 ರಲ್ಲಿ; ಆಗ ಯ = 12800.

ಉತ್ತರ (ಮಾಟುಂಗಾ):
ತಾಳೆ ನೋಡುವುದಕ್ಕಷ್ಟೇ ಆದರೆ ಇಷ್ಟು ಶ್ರಮ ಬೇಡ. ಕ್ಷ = −60 ಮತ್ತು ಕ್ಷ = 100 ರಲ್ಲಿ ಯ ಸೊನ್ನೆ; ಇದರ ನಕ್ಷೆಯಾದ ಪರವಲಯದ ಶೃಂಗ (ತುತ್ತತುದಿ) ಅವೆರಡರ ನಡುಮಧ್ಯೆ, ಅಂದರೆ 20 ರಲ್ಲಿ. ಆದರೆ ವರ್ಗ ಪೂರ್ಣಗೊಳಿಸಿ ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ ಆ ಹೆಜ್ಜೆಗಳನ್ನು ಬರೆಯದೆ ಗತಿಯಿಲ್ಲ. ಇನ್ನೊಂದು ಮಾತು: ಈ 12800 ವ್ಯಾಪಾರವೇ ಹೊರತು ಲಾಭವಲ್ಲ. ಒಂದು ದೋಸೆಗೆ 30 ರೂಪಾಯಿ ಖರ್ಚಿದ್ದರೆ ಲಾಭ (30 + ಕ್ಷ)(200 − 2ಕ್ಷ). ಇದರ ಶೃಂಗ ರೂಪ −2(ಕ್ಷ − 35)² + 8450. ಹೋಟೆಲಿನವರು ಬೆಲೆಯನ್ನು 80ಕ್ಕಲ್ಲ, 95ಕ್ಕೆ ಏರಿಸಬೇಕಾಗುತ್ತದೆ.