ವಾಶ್‌ಬರ್ನ್ ಎ ಗಿರಣಿ ಸಿಡಿದದ್ದು ಹಿಟ್ಟಿನ ದೂಳಿನಿಂದಲೇ?

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ದಂಡೆಯ ಈ ಹಿಟ್ಟಿನ ಗಿರಣಿ 1878ರ ಮೇ 2ರಂದು ಸಿಡಿದು 18 ಜನ ಸತ್ತರು. ನದಿನೀರಿನ ಬಲದಲ್ಲಿ ಓಡುತ್ತಿದ್ದ ಗಿರಣಿ ಅದು. ಬರೀ ದೂಳಿಗೆ ಏಳಂತಸ್ತಿನ ಕಲ್ಲುಕಟ್ಟಡ ಕೆಡವುವ ತಾಕತ್ತು ಇರುತ್ತಾ? ಬೀಸುಕಲ್ಲಿನ ಬದಲು ಕಾಳು ಅರೆಯುವ ಜೋಡಿ ರೋಲರ್‌ಗಳು (ಉರುಳೆಗಳು) ಬಂದದ್ದೂ ಇದೇ ಕಾರಣಕ್ಕಾ?

ಉತ್ತರ 1: ಖಂಡಿತ ಇರುತ್ತೆ ಸರ್. ಮೂಟೆಯಲ್ಲಿರುವ ಹಿಟ್ಟಿಗೆ ಕಡ್ಡಿ ಗೀರಿದರೆ ಕಪ್ಪಾಗಿ ಸೀಯುತ್ತೆ, ಅಷ್ಟೇ. ಅದೇ ಹಿಟ್ಟು ಮುಚ್ಚಿದ ಜಾಗದಲ್ಲಿ ಘನ ಮೀಟರಿಗೆ ಸುಮಾರು 50 ಗ್ರಾಂ ದಾಟಿ ತೇಲುತ್ತಿದ್ದರೆ ಕಣಕಣಕ್ಕೂ ಗಾಳಿ ಸಿಕ್ಕಿ ಒಟ್ಟಿಗೇ ಹೊತ್ತಿಕೊಳ್ಳುತ್ತೆ. ಮೊದಲ ಸಿಡಿತ ಸಣ್ಣದೇ ಇರಬಹುದು. ಅದರ ಹೊಡೆತಕ್ಕೆ ತೊಲೆಗಳ ಮೇಲೆ, ಬೆಲ್ಟ್‌ಗಳ ಸಂದಿಯಲ್ಲಿ ಕೂತಿದ್ದ ದೂಳೆಲ್ಲ ಎದ್ದು ಎರಡನೆಯದಕ್ಕೆ ಸಿಡಿಮದ್ದಾಗುತ್ತೆ. ಗೋಡೆ ಕೆಡವೋದು ಈ ಎರಡನೆಯದು. ಕಿಡಿ ಎಲ್ಲಿಂದ ಅಂದರೆ, ಕಾಳು ಬೀಳೋದು ನಿಂತು ಬೀಸುಕಲ್ಲು ಬರಿದೇ ತಿರುಗಿದಾಗ ಕಲ್ಲಿಗೆ ಕಲ್ಲು ಉಜ್ಜಿದ್ದರಿಂದ. ಅಕ್ಕಪಕ್ಕದ ಇನ್ನೂ ಐದು ಗಿರಣಿಗಳು ಹೋದವು.

ಉತ್ತರ 2: ಅಷ್ಟೊಂದು ದೂಳು ಯಾಕಿತ್ತು ಅನ್ನೋದನ್ನೂ ಕೇಳಬೇಕು. ಅಲ್ಲಿಯದು ವಸಂತದಲ್ಲಿ ಬಿತ್ತುವ ಗಟ್ಟಿ ಗೋಧಿ, ಸಿಪ್ಪೆ ಪೆಡಸು. ಕಲ್ಲುಗಳನ್ನು ಒತ್ತಿಟ್ಟು ಒಂದೇ ಸಲ ಬೀಸಿದರೆ ಸಿಪ್ಪೆಯೂ ಪುಡಿಯಾಗಿ ಹಿಟ್ಟು ಕಂದು. ಅದಕ್ಕೇ 1870ರ ದಶಕದಲ್ಲಿ ಕಲ್ಲುಗಳ ಅಂತರ ಹೆಚ್ಚಿಸಿ ಮೊದಲು ರವೆ ತೆಗೆದು, ಅಲುಗುವ ಜರಡಿಯಲ್ಲಿ ಗಾಳಿ ಹಾಯಿಸಿ ಹೊಟ್ಟು ಹಾರಿಸಿ, ಉಳಿದ ರವೆಯನ್ನು ಮತ್ತೆ ಬೀಸತೊಡಗಿದರು. ಮೊರದಲ್ಲಿ ಕೇರುವ ಕೆಲಸವೇ, ಯಂತ್ರದಲ್ಲಿ. ಹಿಟ್ಟೇನೋ ಬೆಳ್ಳಗಾಯಿತು, ಹೊಟ್ಟಿನ ಜೊತೆ ಹಾರಿದ ನುಣ್ಣನೆ ಹಿಟ್ಟು ಮಾತ್ರ ಗಿರಣಿಯೊಳಗೇ ಉಳಿಯಿತು.

ಉತ್ತರ 3: ರೋಲರ್ ವಿಷಯದಲ್ಲಿ ಎರಡು ಸಂಗತಿ ಬೆರೆತಿವೆ. ರೋಲರ್ ಬಂದದ್ದು ಬಿಳಿ ಹಿಟ್ಟಿನ ಆಸೆಗೆ, ಹಂಗೇರಿಯ ಗಿರಣಿಗಳನ್ನು ನೋಡಿ. ದೂಳಿಗೆ ಮದ್ದು ದೂಳು ಹಿಡಿಯುವ ಯಂತ್ರ. 1880ರ ಹೊತ್ತಿಗೆ ಮತ್ತೆ ಕಟ್ಟಿದ ಗಿರಣಿಯಲ್ಲಿ ಎರಡೂ ಇದ್ದದ್ದರಿಂದ ಈ ಗೊಂದಲ. ರೋಲರ್ ಇದ್ದರೆ ಕಿಡಿಯೇ ಇಲ್ಲ ಅನ್ನುವಂತೆಯೂ ಇಲ್ಲ. ಕಾಳಿಲ್ಲದೆ ಒಂದಕ್ಕೊಂದು ತಾಗಿದರೆ ಅವೂ ಕಾಯುತ್ತವೆ. ಈಗಿನ ಯಂತ್ರಗಳಲ್ಲಿ ಕಾಳು ನಿಂತ ಕೂಡಲೇ ಜೋಡಿ ರೋಲರ್ ತಾನಾಗಿ ದೂರ ಸರಿಯೋದು ಅದಕ್ಕೇ.